ಮಾರ್ತಾಂಡನ ಹೆಂಡತಿಯರು

ಬನ್ನಿ, ಬಾಗಿಲಲ್ಲಿ ನಿಂತು ಕೇಳುವ ಕಥೆಯಲ್ಲ ಇದು. ಚಾಪೆ ಎಳೆದುಕೊಂಡು ಕೂತುಕೊಳ್ಳಿ. ನಡುವೆ ನಗಬೇಡಿ, ಕಾನೂನಿನ ವಿಷಯ.

ರಾಜಾಜಿನಗರದ ಪಾರ್ಕಿನಲ್ಲಿ ಒಂದು ಶುಕ್ರವಾರ ಸಾಯಂಕಾಲ, ಇಡೀ ಬಡಾವಣೆಯ ಸಮಕ್ಷಮದಲ್ಲಿ, ಪುರುಷೋತ್ತಮನಿಗೆ ಮದುವೆಯಾಯಿತು. ಆ ಹೊತ್ತಿಗೆ ಅವನು ಪಾರ್ಕಿನಲ್ಲಿ ಇರಲಿಲ್ಲ.

ಪಾರ್ಕಿನ ರೇಡಿಯೋದಲ್ಲಿ ವಾರವಾರವೂ ಗೂಢಚಾರ ಮಾರ್ತಾಂಡನ ನಾಟಕ ಬರುತ್ತಿತ್ತು. ಮಾರ್ತಾಂಡನಿಗೆ ಗಂಟಲು ಕೊಟ್ಟವನು ಈ ಪುರುಷೋತ್ತಮ. ಉಳಿದ ದಿನ ಕಾರ್ಖಾನೆ ಕೆಲಸ, ಶುಕ್ರವಾರ ದೇಶಸೇವೆ. ಆ ವಾರ ಮಾರ್ತಾಂಡ ಬಳೆಗಾರನ ವೇಷ ಹಾಕಿ ಶತ್ರುದೇಶಕ್ಕೆ ಹೋದ. ಮದ್ದಿನ ಮನೆಯ ಬೀಗದ ಕೈ ಸಿಗಲೆಂದು ಸೇನಾಪತಿಯ ಮಗಳು ಚಂಪಕಮಾಲೆಗೆ ತಾಳಿ ಕಟ್ಟಿದ. ಓಲಗ ಊದಿತು, ಮಂತ್ರ ಕೇಳಿಸಿತು. ಪಾರ್ಕಿನಲ್ಲಿ ಕೂತಿದ್ದ ಹೆಂಗಸರು ಅಕ್ಷತೆ ಇಲ್ಲವಲ್ಲ ಎಂದು ಕಡಲೆಕಾಯಿ ಸಿಪ್ಪೆಯನ್ನೇ ಎರಚಿದರು.

ಮುನಿಲಕ್ಷ್ಮಮ್ಮ ಎರಚಲಿಲ್ಲ. ಬರುವ ವೈಶಾಖದಲ್ಲಿ ತನ್ನ ಮಗಳು ಯಶೋದೆಯನ್ನು ಅದೇ ಪುರುಷೋತ್ತಮನಿಗೆ ಕೊಡುವುದೆಂದು ಅವಳು ತಾಂಬೂಲ ಬದಲಾಯಿಸಿಯಾಗಿತ್ತು.

"ಕಿವಿಯಾರೆ ಕೇಳಿದೆ ಕಣೇ ಮುನಿಲಕ್ಷ್ಮೀ," ಎಂದಳು ಪಕ್ಕದ ಮನೆಯ ಅಂಜಮ್ಮ. "ಮೂರು ಗಂಟೂ ಬಿತ್ತು. ಎರಡನೇ ಸಂಬಂಧಕ್ಕೆ ಹೆಣ್ಣು ಕೊಡ್ತೀಯಾ?"

"ಅದು ನಾಟಕ ಕಣಕ್ಕ."

"ನಾಟಕ ಸುಳ್ಳೇ ಇರಲಿ. ಮಂತ್ರ ನಿಜದ್ದೇ ತಾನೆ?"

ಒಬ್ಬನಿಗೆ ಒಬ್ಬಳೇ ಹೆಂಡತಿ ಎಂಬ ಕಾನೂನು ಬೇರೆ ಹೊಸದಾಗಿ ಬಂದಿತ್ತು.

ಪಾರ್ಕಿನ ರೇಡಿಯೋ ಕೇಳುಗರ ಸಂಘಕ್ಕೆ ಪಿಂಚಣಿದಾರ ಗುರುಸಿದ್ದಯ್ಯನವರು ಅಧ್ಯಕ್ಷರು. ಮಾರನೇ ದಿನ ಅವರು ಕಲ್ಲುಬೆಂಚಿನ ಮೇಲೆ ನಿಂತು ಸಾರಿದರು: "ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಸದರಿ ಮಾರ್ತಾಂಡನ ಗುಣಸ್ವಭಾವವನ್ನು ಕೂಲಂಕಷವಾಗಿ ಪರಿಶೀಲಿಸಿ, ಅವನು ಕಟ್ಟಿದ ತಾಳಿಯು ಊರ್ಜಿತವೋ ಅಲ್ಲವೋ ಎಂದು ತೀರ್ಮಾನವಾಗುವವರೆಗೆ, ಸದರಿ ಪುರುಷೋತ್ತಮನು ಯಾರನ್ನೂ ಮದುವೆಯಾಗತಕ್ಕದ್ದಲ್ಲ. ವಿಚಾರಣೆಯು ಹೆಣ್ಣಿನ ಮನೆಯಲ್ಲಿ ನಡೆಯತಕ್ಕದ್ದು. ಉಪಾಹಾರವು ವಿಚಾರಣೆಯ ಅವಿಭಾಜ್ಯ ಅಂಗವಾಗಿರತಕ್ಕದ್ದು."

ಅವಿಭಾಜ್ಯ ಅಂಗಕ್ಕೆಂದು ಮುನಿಲಕ್ಷ್ಮಮ್ಮ ಕೋಡುಬಳೆ ಕರಿದಳು. ಕೋಡುಬಳೆ ಗರಿಗರಿಯಾಗಿದ್ದ ಕಾರಣ ವಿಚಾರಣೆಯನ್ನು ಮುಂದಕ್ಕೆ ಹಾಕಲಾಯಿತು. ರವೆಉಂಡೆ ಕಟ್ಟಿದ ಮೇಲೆ ವಿಷಯ ಇನ್ನೂ ಗಹನವಾಯಿತು. ಕೊನೆಗೆ ಪುರುಷೋತ್ತಮನನ್ನು ಕರೆಸಿದರು.

"ತಾಳಿ ಕಟ್ಟಿದೆಯೋ ಇಲ್ಲವೋ?"

"ನಾನು ಮೈಕಿನ ಮುಂದೆ ನಿಂತಿದ್ದೆ ಸಾರ್. ಯಾರೋ ಬೀಗದ ಗೊಂಚಲು ಅಲ್ಲಾಡಿಸಿದ್ರು, ಅಷ್ಟೇ. ಚಂಪಕಮಾಲೆ ಆದೋರು ನಮ್ಮಮ್ಮನ ವಯಸ್ಸಿನೋರು."

"ವಧುವಿನ ವಯಸ್ಸು ಅಪ್ರಸ್ತುತ. ಅವಳನ್ನ ಬಿಟ್ಟು ಹೊರಡೋವಾಗ ನಿನ್ನ ಗಂಟಲು ಯಾಕೆ ಕಟ್ಟಿಕೊಂಡಿತು?"

"ನೆಗಡಿ ಆಗಿತ್ತು ಸಾರ್."

"ಮಾರ್ತಾಂಡನಿಗೆ ನೆಗಡಿ ಇರಲಿಲ್ಲ," ಎಂದರು ಗುರುಸಿದ್ದಯ್ಯನವರು, ಉಂಡೆ ಮುರಿಯುತ್ತಾ. "ನಾವೆಲ್ಲ ಕೇಳಿದ್ದೇವೆ. ಆರೋಗ್ಯವಾಗಿಯೇ ಇದ್ದ."

ತೀರ್ಪು ಹೀಗೆ ಹೊರಬಿತ್ತು: ಮಾರ್ತಾಂಡ ಮನಸ್ಸಿಟ್ಟು ತಾಳಿ ಕಟ್ಟಿದ್ದರೆ ಮದುವೆ ಆಗಿಹೋಗಿದೆ. ಮನಸ್ಸಿಡದೆ ಬೀಗದ ಕೈಗಾಗಿ ಕಟ್ಟಿದ್ದರೆ, ಅಂಥ ಮೋಸಗಾರನಿಗೆ ಯಾರೂ ಹೆಣ್ಣು ಕೊಡುವಂತಿಲ್ಲ. ಎರಡರಲ್ಲಿ ಯಾವುದು ಬೇಕೋ ಹುಡುಗನೇ ಆರಿಸಿಕೊಳ್ಳಬಹುದು.

ಒಳಗೆ ಯಶೋದೆ ಒಲೆ ಊದುತ್ತಾ ಕಣ್ಣೊರೆಸಿಕೊಂಡಳು. ಹೊಗೆ ಎಂದಳು. ಒಲೆ ಆರಿ ಎಷ್ಟೋ ಹೊತ್ತಾಗಿತ್ತು. "ಬೇರೆ ಯಾರನ್ನೂ ನಾನು ಆಗಲ್ಲಮ್ಮ."

ಅಷ್ಟು ಕೇಳಿದ್ದೇ ಮುನಿಲಕ್ಷ್ಮಮ್ಮ ಸೆರಗು ಸಿಕ್ಕಿಸಿ, ಮಿಕ್ಕ ಕೋಡುಬಳೆಯನ್ನು ಗಂಟು ಕಟ್ಟಿಕೊಂಡು, ನಾಟಕ ಬರೆಯುವವರ ಮನೆ ವಿಚಾರಿಸಿಕೊಂಡು ಹೋದಳು.

"ಸ್ವಾಮೀ, ಆ ಚಂಪಕಮಾಲೆಯನ್ನ ಸಾಯಿಸಿಬಿಡಿ."

"ಅಯ್ಯೋ, ಎಷ್ಟು ಒಳ್ಳೇ ಹುಡುಗಿ ಅಮ್ಮಾ ಅವಳು!"

"ನನ್ನ ಮಗಳೂ ಒಳ್ಳೇಳೇ."

ಅವರು ಕೋಡುಬಳೆ ಕಡಿದರು, ಯೋಚಿಸಿದರು. "ಜ್ವರ ಬರಿಸಲೋ, ಹಾವು ಕಚ್ಚಿಸಲೋ?"

"ನರಳಬಾರದು ಸ್ವಾಮಿ, ಪಾಪ. ಹಾವೇ ಇರಲಿ."

ಶುಕ್ರವಾರ ಹಾವು ಬಂತು. ಪಾರ್ಕಿಗೆ ಪಾರ್ಕೇ ಅತ್ತಿತು. ಎಲ್ಲರಿಗಿಂತ ಜೋರಾಗಿ ಅತ್ತವಳು ಮುನಿಲಕ್ಷ್ಮಮ್ಮ. ಸಂಘದ ಅಪ್ಪಣೆಯಂತೆ ಪುರುಷೋತ್ತಮ ಪಾರ್ಕಿನ ನಲ್ಲಿಯ ಕೆಳಗೆ ಕೂತು ಸೂತಕದ ಸ್ನಾನ ಮಾಡಿದ.

ಜನ ಅಷ್ಟು ಅತ್ತರೆಂದು ತಿಳಿದು ನಾಟಕ ಬರೆಯುವವರಿಗೆ ಹುರುಪು ಬಂದುಬಿಟ್ಟಿತು. ಮುಂದಿನ ವಾರ ಮಾರ್ತಾಂಡನಿಗೆ ಚಂಪಕಮಾಲೆಯ ತಂಗಿಯನ್ನೇ ಗಂಟುಹಾಕಿದರು. ಮುನಿಲಕ್ಷ್ಮಮ್ಮ ಮತ್ತೆ ಬಾಣಲೆ ಇಟ್ಟಳು, ಮತ್ತೆ ಹೋದಳು. ಅದರಾಚೆ ವಾರ ತಂಗಿಯ ದೋಣಿ ಮುಳುಗಿತು.

"ಅಮ್ಮಾ, ನನಗಿಂತ ಮುಂಚೆ ಆ ಮನೆಗೆ ಇನ್ನೂ ಎಷ್ಟು ಜನ ಬಂದು ಹೋಗ್ಬೇಕು?" ಎಂದಳು ಯಶೋದೆ.

"ಸುಮ್ನಿರೇ, ಇನ್ಯಾರೂ ಇಲ್ಲ."

ಇದ್ದರು. ಅಂಜಮ್ಮ ಬೆರಳು ಮಡಿಸಿ ಹೇಳಿದಳು: ಯಶೋದೆ ಈಗ ಮೂರನೆಯವಳು; ಮೂರನೆಯದು ಹೆಣ್ಣಿಗೆ ಆಗಿಬರುವುದಿಲ್ಲ; ಮೂರನೇ ತಾಳಿಯನ್ನು ಎಕ್ಕದ ಗಿಡಕ್ಕೆ ಕಟ್ಟಿಸಿಬಿಡಬೇಕು. ಸಂಘ ಇದನ್ನು ಸರ್ವಾನುಮತದಿಂದ ಅಂಗೀಕರಿಸಿತು. ಗಿಡದ ಗುಣಸ್ವಭಾವವನ್ನೂ ಪರಿಶೀಲಿಸಿ, ಆಕ್ಷೇಪಣೆ ಇಲ್ಲವೆಂದಿತು. ಪಾರ್ಕಿನ ಬೇಲಿಯ ಪಕ್ಕ ಪುರುಷೋತ್ತಮ ಎಕ್ಕಕ್ಕೆ ತಾಳಿ ಕಟ್ಟಿದ. ಮೈಕಿಲ್ಲದೆ ಕಟ್ಟಿದ್ದು ಅದೇ ಮೊದಲು. ಸಂಘದವರು ಗಂಡಿನ ಕಡೆಯವರಾಗಿ ಒಂದು ಪಂಕ್ತಿ, ಗಿಡದ ಕಡೆಯವರಾಗಿ ಇನ್ನೊಂದು ಪಂಕ್ತಿ ಉಂಡರು. ಕಾನೂನು ಮೀರಬಾರದೆಂದು ಆಮೇಲೆ ಗಿಡವನ್ನು ಕಡಿದರು.

ವೈಶಾಖ ಕಳೆಯುವ ಮುನ್ನ ಯಶೋದೆಯ ಮದುವೆ ಸಾಂಗವಾಗಿ ನಡೆಯಿತು.

ಗುರುಸಿದ್ದಯ್ಯನವರಿಗೆ ಸಕ್ಕರೆ ಕಾಯಿಲೆ ಬಂತು. ಖಾರದ ತಿಂಡಿ ಇರುವ ಮನೆಯ ವಿಚಾರಣೆಗಳನ್ನು ಮಾತ್ರ ಈಗ ಕೈಗೆತ್ತಿಕೊಳ್ಳುತ್ತಾರೆ. ಅಂಜಮ್ಮ ತನ್ನ ಮಗನನ್ನೂ ನಾಟಕಕ್ಕೆ ಸೇರಿಸಿದಳು, ಸನ್ಯಾಸಿಯ ಪಾತ್ರವಾದರೆ ಮಾತ್ರ ಎಂದು ಕರಾರು ಮಾಡಿ. ನಾಟಕ ಬರೆಯುವವರು ಮುನಿಲಕ್ಷ್ಮಮ್ಮನನ್ನು ಕೇಳದೆ ಯಾರನ್ನೂ ಸಾಯಿಸುವುದಿಲ್ಲ. ಹೇಗೆ ಸಾಯಿಸಬೇಕೆಂದು ಅವಳೇ ಹೇಳಿಕೊಡುತ್ತಾಳೆ. ಪುರುಷೋತ್ತಮ ಮಾರ್ತಾಂಡನನ್ನು ಬಿಟ್ಟು ರೈತರಿಗೆ ಗೊಬ್ಬರದ ಸಲಹೆ ಓದುತ್ತಾನೆ. ಅದರಲ್ಲಿ ಮದುವೆ ಬರುವುದಿಲ್ಲ.

ಯಶೋದೆ ಸತ್ತ ಸವತಿಯರ ಹೆಸರಿನಲ್ಲಿ ಕೊರಳಿಗೆ ಸವತಿ ತಾಳಿ ಹಾಕಿಕೊಂಡು, ತೀರಿಹೋದ ಆ ಅಕ್ಕಂದಿರಿಗೆ ಪಿತೃಪಕ್ಷದಲ್ಲಿ ಎಡೆ ಇಟ್ಟು, ಸುಖವಾಗಿದ್ದಾಳೆ. ಬೀದಿಯಲ್ಲಿ ಯಾರಾದರೂ ಅವಳ ಮಕ್ಕಳನ್ನು "ಯಾರ ಮಕ್ಕಳ್ರೋ ನೀವು?" ಎಂದು ಕೇಳಿದರೆ, "ಪುರುಷೋತ್ತಮನೋರ ನಾಲ್ಕನೇ ಹೆಂಡ್ತಿ ಮಕ್ಕಳು" ಎಂದು ತಡವರಿಸದೆ ಹೇಳುತ್ತವೆ.

ಕೇಳಿದವರು ತಲೆದೂಗುತ್ತಾರೆ. "ಗೊತ್ತು ಬಿಡ್ರಪ್ಪ. ನಿಮ್ಮ ದೊಡ್ಡಮ್ಮ ಚಂಪಕಮಾಲೆ ಮದುವೆಗೆ ನಾವೂ ಬಂದಿದ್ವಿ. ಊಟ ಮಾತ್ರ ಹಾಕಲಿಲ್ಲ."