ಮುದ್ರೆ ಬಿದ್ದ ರೊಟ್ಟಿ

ಈ ಸಂಗತಿಗಳನ್ನು ನನಗೆ ಮೊದಲು ಹೇಳಿದವರು ಕುರುಗೋಡಿನಲ್ಲಿ ಟಪಾಲು ಹಂಚುತ್ತಿದ್ದ ನಮ್ಮ ಭಾವನವರು. ಟಪಾಲಿನವನ ಬಾಳಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಆದರೂ ಸಿರುಗುಪ್ಪದ ಡ್ರಾಯಿಂಗ್ ಮಾಸ್ತರರದು ಬೇರೆಯೇ ಮಾತು.

ಮಾಸ್ತರರು ಬಳ್ಳಾರಿಯ ಗಾಂಧಿನಗರದ ಗೆಳೆಯರೊಬ್ಬರಿಂದ ಹೊಸ ವಿದ್ಯೆ ಕೇಳಿ ಬಂದಿದ್ದರು. ಪರದೇಶದಲ್ಲಿ ಕಲಾವಿದರು ಲಕೋಟೆಯನ್ನೇ ಬಳಸುವುದಿಲ್ಲವಂತೆ. ಕೈಗೆ ಸಿಕ್ಕ ವಸ್ತುವಿನ ಮೇಲೆ ಚಿತ್ರ ಬರೆದು, ಸ್ಟ್ಯಾಂಪು ಹಚ್ಚಿ, ಹಾಗೇ ಟಪಾಲಿಗೆ ಹಾಕುತ್ತಾರಂತೆ. ಆ ಹುರುಪಿನಲ್ಲಿ ಇವರು ಮನೆಯ ಮೊರಕ್ಕೆ ಬಣ್ಣ ಬಳಿದರು. “ನಾ ಇನ್ನ ಜೋಳ ಏನ್ರಾಗ ಹಸನ ಮಾಡ್ಲಿ?” ಎಂದು ಹೆಂಡತಿ ಸಿಟ್ಟಾಗಿ ಕುರುಗೋಡಿನ ತವರಿಗೆ ಹೋದರು. ನಾಗರ ಪಂಚಮಿ ಕಳೆದರೂ ಬರಲಿಲ್ಲ. ತಪ್ಪಾಯಿತು ಎಂದು ನೇರವಾಗಿ ಬರೆಯಲು ಮಾಸ್ತರರಿಗೆ ನಾಚಿಕೆ. ಅದನ್ನೂ ಕಲೆಯಲ್ಲೇ ಹೇಳಲು ಹೊರಟರು.

ತೆಂಗಿನಕಾಯಿ

ಕುರುಗೋಡಿಗೆ ಮೊದಲು ಬಂದದ್ದು ಜುಟ್ಟಿದ್ದ ತೆಂಗಿನಕಾಯಿ. ಒಂದು ಕಡೆ ವಿಳಾಸ, ಇನ್ನೊಂದು ಕಡೆ ಅಳುವ ಮುಖ. ಮಾಸ್ತರರ ಮಾವನವರು ಅದನ್ನು ಕಣ್ಣಿಗೊತ್ತಿಕೊಂಡರು.

“ನೋಡ್ರಿ, ಅಳಿಯಗ ಬುದ್ಧಿ ಬಂತು. ಬಸವಣ್ಣಗ ಕಾಯಿ ಕಳಿಸ್ಯಾನ!”

ಮಗಳಿಗೆ ತೋರಿಸುವ ಮೊದಲೇ ಗುಡಿಗೆ ಒಯ್ದು ಒಡೆಸಿದರು. ಅಳುವ ಕಣ್ಣುಗಳು ಪೂಜಾರಿಯ ಪಾಲಾದವು, ಬಾಯಿ ಮನೆಯ ಚಟ್ನಿಗೆ ಬಂತು.

ಅಂಗಿ

ಆಮೇಲೆ ಮಾಸ್ತರರ ಬಿಳಿ ಅಂಗಿ ಬಂತು. ಬೆನ್ನಿಗೆ ಮಸಿಯಲ್ಲಿ ವಿಳಾಸ, ಎದೆಯ ಮೇಲೆ ಬಾಡಿದ ಹೂವು. ಅತ್ತೆಯವರು ನೋಡಿ, “ಅಯ್ಯ, ಎಷ್ಟು ಹೊಲಸು ಮಾಡ್ಯಾನ!” ಎಂದು ಚೌಳು ಮಣ್ಣಿನ ನೀರಿನಲ್ಲಿ ನೆನೆಹಾಕಿ, ಕಲ್ಲಿಗೆ ಬಡಿದು ಒಗೆದರು. ಮರುದಿನ ಮಡಿಸಿ ಭಾವನವರ ಕೈಗೇ ಕೊಟ್ಟರು.

“ತಗೋಪಾ, ಅವಗ ಮುಟ್ಟಿಸು.”

“ಅಡ್ರೆಸ್ಸು ತೊಳದೀರಿ, ಸ್ಟ್ಯಾಂಪೂ ತೊಳದೀರಿ. ಇನ್ನ ಇದು ಟಪಾಲಲ್ಲಬೇ, ಬರೇ ಅಂಗಿ!”

ರೊಟ್ಟಿ

ಕೊನೆಗೆ ಬಂದದ್ದು ಒಣಗಿಸಿ ಗರಿಗರಿಯಾದ ಜೋಳದ ಕಟಕ್ ರೊಟ್ಟಿ. ಅದರ ಮೇಲೆ ಸಿರುಗುಪ್ಪದ ಮನೆ, ಬಾಗಿಲಲ್ಲಿ ದಾರಿ ಕಾಯುತ್ತ ಕೂತ ಮಾಸ್ತರರು. ಮುದ್ರೆ ಜೋರಾಗಿ ಒತ್ತಿದರೆ ಮುರಿದೀತೆಂದು ಪೋಸ್ಟ್ ಮಾಸ್ತರರು ಉಸಿರು ಬಿಗಿಹಿಡಿದು ಒತ್ತಿದ್ದರಂತೆ. ಭಾವನವರು ಅದನ್ನು ಎರಡೂ ಅಂಗೈಯಲ್ಲಿ ಪ್ರಸಾದದಂತೆ ಹಿಡಿದು ಒಯ್ದರು.

ಅತ್ತೆಯವರು ಚಿತ್ರ ನೋಡಲೇ ಇಲ್ಲ. ರೊಟ್ಟಿ ತಿರುವಿ ಹಾಕಿ, ಬೆರಳಿನಿಂದ ತಟ್ಟಿದರು.

“ಅಂಚೆಲ್ಲ ಸೀಳ್ಯಾವ. ಇತ್ಲಾಗ ಕರಕಲ, ನಡುವ ದಪ್ಪ. ಯಾರು ಬಡಿದದ್ದಪಾ ಇದು?”

“ಮಾಸ್ತರ್ರೇ ಬಡ್ದಾರಂತ್ರಿ.”

ಅತ್ತೆಯವರು ಸೆರಗು ಕಣ್ಣಿಗೆ ಹಚ್ಚಿದರು. “ಇಂಥವು ತಿಂದು ಬದುಕ್ಯಾನೇನು ನನ್ನ ಅಳಿಯ? ಏಯ್ ಹುಡುಗಿ, ಗಂಟು ಕಟ್ಟು! ಸಿಟ್ಟು ಆಮ್ಯಾಲ ಮಾಡುವಂತಿ, ಮೊದಲ ಹೋಗಿ ರೊಟ್ಟಿ ಬಡಿ!”

ಮಗಳು ಅದೇ ದಿನ ಬಸ್ಸು ಹತ್ತಿದರು. ಮಾಸ್ತರರು ಹೆಂಡತಿಯ ಕೈಯಿಂದ ಗಂಟು ಇಸಿದುಕೊಳ್ಳುವ ಮೊದಲೇ ಕೇಳಿದರಂತೆ:

“ನನ್ನ ಕಲೆ ಹೆಂಗಿತ್ತು?”

“ಅವ್ವ ಅದನ್ನ ಎಮ್ಮಿ ಮುಂದ ಇಟ್ಲು. ಅದು ಸ್ಟ್ಯಾಂಪಷ್ಟ ನೆಕ್ಕಿ, ರೊಟ್ಟಿ ಬಿಡ್ತು.”

ಭಾವನವರು ನನಗೆ ಹೇಳಿದರು, ನಾನು ನಿಮಗೆ ಹೇಳಿದೆ. ನೀವೂ ಊಟಕ್ಕೆ ಕೂತಾಗ ಯಾರಿಗಾದರೂ ಹೇಳಿರಿ. ಬಾಯಲ್ಲಿ ತುತ್ತು ಇಲ್ಲದಾಗ ಹೇಳಿದರೆ ಇನ್ನೂ ಒಳ್ಳೆಯದು.