ಹನ್ನೊಂದು ಕತ್ತಿ, ಒಂದೇ ಕೆನ್ನೆ

ನಮ್ಮ ಬನಹಟ್ಟಿಯಲ್ಲಿ ಮನೆಗೊಂದು ಮಗ್ಗವಿದ್ದರೆ ನನ್ನ ಮನೆಯಲ್ಲಿ ಶಸ್ತ್ರಾಗಾರವಿದೆ! ಒಂದಲ್ಲ, ಎರಡಲ್ಲ, ಹನ್ನೊಂದು ಕತ್ತಿಗಳು. ಎಲ್ಲವೂ ಯುರೋಪಿನ ಮಧ್ಯಯುಗದ ವೀರರು ಹಿಡಿಯುತ್ತಿದ್ದ ಕತ್ತಿಗಳ ಪಡಿಯಚ್ಚುಗಳು. ‘ಡುಪ್ಲಿಕೇಟ್’ ಎಂದರೆ ನನಗೆ ಸಿಟ್ಟು ಬರುತ್ತದೆ, ದಯವಿಟ್ಟು ಪಡಿಯಚ್ಚು ಎನ್ನಿ. ವೃತ್ತಿಯಿಂದ ನಾನು ವಿಮೆ ಏಜೆಂಟ. ಹಗಲೆಲ್ಲ ಜನರಿಗೆ ಸಾವಿನ ಭಯ ತೋರಿಸಿ ಪಾಲಿಸಿ ಮಾಡಿಸುತ್ತೇನೆ. ಸಂಜೆ ಮನೆಗೆ ಬಂದು ಲುಂಗಿ ಎತ್ತಿಕಟ್ಟಿ, ಕತ್ತಿ ಝಳಪಿಸಿ, ಸಾವಿಗೇ ಭಯ ತೋರಿಸುತ್ತೇನೆ. ಈ ಕಲ್ಮೇಶನ ಮನೆ ಬಾಗಿಲಿಗೆ ಕತ್ತಿ ತಂದ ಕೊರಿಯರ್‌ನವರು ಬಹಳ ಜನ, ಅಂಜಿಕೆ ತಂದವನು ಒಬ್ಬನೂ ಇಲ್ಲ ಎಂದು ಓಣಿಯಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದೆ.

ನನ್ನ ಧರ್ಮಪತ್ನಿ ರಾಜೇಶ್ವರಿಗೆ ಮಾತ್ರ ಈ ವೀರಪರಂಪರೆಯ ಮೇಲೆ ಕವಡೆ ಕಿಮ್ಮತ್ತಿಲ್ಲ.

“ಹನ್ನೊಂದ ಅದಾವಲ್ರಿ, ಒಂದರಾಗರ ಬದನಿಕಾಯಿ ಹೆಚ್ಚಾಕ ಬರತೈತೇನ?”

“ಅವು ಪ್ರದರ್ಶನದ ಕತ್ತಿ, ರಾಜಿ. ಧಾರ ಇರೂದಿಲ್ಲ.”

“ಬರಾಬ್ಬರಿ ಆತು. ನಿಮ್ಮ ಕತ್ತಿಗೂ ಧಾರ ಇಲ್ಲ, ನಿಮ್ಮ ಮಾತಿಗೂ ಆಧಾರ ಇಲ್ಲ.”

ಹೀಗಿರುವಾಗ ಮುಧೋಳದಿಂದ ಮಾವನವರ ಫೋನು ಬಂತು. ನನ್ನ ಭಾಮೈದ ಸಂಜಯನ ಮದುವೆ ಗೊತ್ತಾಗಿತ್ತು. ಮಾವ ಚನಮಲ್ಲಪ್ಪನವರ ಮನೆದೇವರು ವೀರಭದ್ರ. ಮನೆಯಲ್ಲಿ ಮದುವೆ ಎಂದರೆ ಮೊದಲು ಗುಗ್ಗಳದ ಮೆರವಣಿಗೆ ಹೊರಡಬೇಕು. ಮುಂದೆ ಸಂಬಾಳ, ಕರಡಿ ಮಜಲಿನ ವಾದ್ಯಗಳು, ನಡುವೆ ಉರಿಯುವ ಗುಗ್ಗಳದ ಕೊಡ, ಅದರ ಮುಂದೆ ಕತ್ತಿ ಹಿಡಿದು, ವೀರಭದ್ರನ ಸ್ತುತಿಯ ಒಡಪು ಹೇಳಿ ಕುಣಿಯುವ ಪುರವಂತರು.

“ಅಳಿಯಂದ್ರ, ನಮ್ಮ ಪುರವಂತ ಹಾಲಸಿದ್ದಪ್ಪನ ಕತ್ತಿ ಹಿಡಿಕಿ ಮುರದೈತಿ. ನಿಮ್ಮಲ್ಲಿ ಕತ್ತಿಗೊಳ ಸಂತೀನ ಐತಂತಲ್ಲ. ಒಂದು ಛಲೋದು ಆರಿಸಿ ತರ್ತೀರೇನ?”

ನನ್ನ ಎದೆ ಊದಿ ಅಂಗಿಯ ಗುಂಡಿ ಕಿತ್ತುಬರುವಂತಾಯಿತು. ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಕತ್ತಿಗೊಂದು ಕರೆ ಬಂತು!

“ತರ್ತೀರೇನ ಅಂತ ಕೇಳತೀರೇನ್ರಿ ಮಾವಾರ? ಕತ್ತಿ ನಂದ!”

“ಕತ್ತಿ ನಿಮ್ಮದು ಅಂದ್ರ... ಉಳಿದದ್ದೂ ನಿಮ್ಮದ ಆಕ್ಕೈತಿ ನೋಡ್ರಿ.”

“ಉಳಿದದ್ದೂ ನಂದ ರೀ! ಪೂರಾ ನಂದ! ನೀವು ನಿಶ್ಚಿಂತಿ ಇರ್ರಿ!”

“ಗಂಡಸ ಅಂದ್ರ ನೀವು” ಎಂದು ಮಾವ ಫೋನಿಟ್ಟರು. ಬೆಳ್ಳುಳ್ಳಿ ಸುಲಿಯುತ್ತಿದ್ದ ರಾಜೇಶ್ವರಿ ಕೈ ನಿಲ್ಲಿಸಿ ನನ್ನನ್ನೇ ದಿಟ್ಟಿಸಿ ನೋಡಿದಳು. ಗಂಡನ ಬಗ್ಗೆ ಹೆಮ್ಮೆ ಉಕ್ಕಿರಬೇಕು ಎಂದುಕೊಂಡೆ.

ರವಿವಾರ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಪಡಸಾಲೆಯಲ್ಲಿ ಜಮಖಾನೆ ಹಾಸಿ ಹನ್ನೊಂದನ್ನೂ ಸಾಲಾಗಿ ಮಲಗಿಸಿದೆ. ಆರಿಸುವುದು ಎಂದರೆ ಹುಡುಗಾಟವೇ? ಹೆತ್ತವರನ್ನು ಯಾವ ಮಗು ಹೆಚ್ಚು ಪ್ರೀತಿ ಎಂದು ಕೇಳಿದಂತೆ! ಮೊದಲು ಎತ್ತಿದ್ದು ಜರ್ಮನಿಯ ಇಕ್ಕೈ ಕತ್ತಿ. ಎರಡೂ ಕೈಯಲ್ಲಿ ಹಿಡಿಯಬೇಕು, ನಿಲ್ಲಿಸಿದರೆ ರಾಜೇಶ್ವರಿಗಿಂತ ಎತ್ತರ. “ಹರ ಹರ ಮಹಾದೇವ!” ಎಂದು ಬೀಸಿದೆ. ಫ್ಯಾನಿನ ಒಂದು ರೆಕ್ಕೆ ವೀರಸ್ವರ್ಗ ಸೇರಿತು.

“ಬ್ಯಾಸಿಗ್ಯಾಗ ಕತ್ತೀಲೇ ಗಾಳಿ ಹಾಕ್ಕೋರಿ ಇನ್ನ” ಎಂಬ ದನಿ ಅಡುಗೆಮನೆಯಿಂದ ಬಂತು.

ಎರಡನೆಯದು ವೈಕಿಂಗರದು. ಚಂದದ ಕತ್ತಿ, ಆದರೆ ಹಿಡಿಕೆ ಗಿಡ್ಡ. ನನ್ನ ಕೈ ಊಟ ಬಲ್ಲ ಕೈ, ಅದರೊಳಗೆ ಹಿಡಿಸುವುದಿಲ್ಲ. ಮೂರನೆಯದು ನನ್ನ ಪ್ರಾಣ: ನಾರ್ಮನ್ ನೈಟ್ ಎಂಬ ಕುದುರೆವೀರನ ಕತ್ತಿ! ನೇರ ಅಲಗು, ಅಡ್ಡಪಟ್ಟಿ, ಹಿಡಿಕೆಯ ತುದಿಗೆ ಧಾರವಾಡ ಪೇಡೆಯಂಥ ದುಂಡು ಗುಂಡು. ಕೈಗೆ ತೆಗೆದುಕೊಂಡರೆ ಸಾಕು, ನಾನು ಬನಹಟ್ಟಿಯ ವಿಮೆ ಏಜೆಂಟ ಎಂಬುದೇ ಮರೆತುಹೋಗುತ್ತದೆ. ಕೊನೆಯಲ್ಲಿ ಮೂಲೆಗೆ ಬಿದ್ದದ್ದು ಫಾಲ್ಶನ್ ಎಂಬ ಅಗಲ ಅಲಗಿನ ಮೋಟು ಕತ್ತಿ. ದೀಪಾವಳಿ ಆಫರಿನಲ್ಲಿ ಬಂದದ್ದು. ತುಕ್ಕು ಹಿಡಿದಿದೆ, ಹಿಡಿಕೆ ಗಡಗಡ ಅನ್ನುತ್ತದೆ. ರಾಜೇಶ್ವರಿ ಅದರ ಹಿಂಬದಿಯಿಂದ ಬೆಲ್ಲದ ಪೆಂಟಿ ಒಡೆಯುತ್ತಾಳೆ. ಅದನ್ನು ನಾನು ಆಯ್ಕೆಗೇ ತೆಗೆದುಕೊಳ್ಳಲಿಲ್ಲ.

“ರಾಜೀ, ತೀರ್ಮಾನ ಆತು! ನಾರ್ಮನ್!”

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಿಗೆ ಒರಗಿ ನಿಂತಳು.

“ಅದು ಇರ್ಲಿ. ಫೋನಿನ್ಯಾಗ ಉಳಿದದ್ದೂ ನಂದ ಅಂದ್ರಲ್ಲ, ಉಳಿದದ್ದು ಅಂದ್ರೇನು ಗೊತ್ತೈತೇನ್ರಿ?”

“ಏನಿರತೈತಿ? ಕತ್ತಿಗೆ ನಿಂಬಿಹಣ್ಣು, ಹೂವಿನ ಹಾರ. ತರೂಣಂತ.”

“ಗಲ್ಲಕ್ಕ ಶಸ್ತ್ರ.”

“ಯಾರ ಗಲ್ಲಕ್ಕ?”

“ಕತ್ತಿ ಯಾರ ಮನಿಯಿಂದ ಬರತೈತಿ, ಆ ಮನಿಯವರ ಗಲ್ಲಕ್ಕ. ನಮ್ಮ ಮನಿತನದ ಪದ್ಧತಿ. ಉಕ್ಕಿನ ಕಡ್ಡಿ ಇಲ್ಲಿಂದ ಚುಚ್ಚಿ ಅಲ್ಲಿ ತಗೀತಾರ” ಎಂದು ತನ್ನ ಎರಡೂ ಕೆನ್ನೆಗಳ ನಡುವೆ ಬೆರಳಿನಿಂದ ಒಂದು ಹೆದ್ದಾರಿ ಎಳೆದು ತೋರಿಸಿದಳು. “ಗುಡಿ ಮುಟ್ಟೂತನಾ ಹಂಗ ನಡೀಬೇಕು.”

ನನ್ನ ಕೈಯಿಂದ ನಾರ್ಮನ್ ಜಾರಿ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. ನೋವು ಗೊತ್ತಾಗಲಿಲ್ಲ. ಜೀವ ಆಗಲೇ ಕೆನ್ನೆಗೆ ಓಡಿಹೋಗಿತ್ತು.

“ನಿನಗ ಗೊತ್ತಿತ್ತು! ಫೋನಿನ್ಯಾಗ ಹೇಳೂಮುಂದ ಯಾಕ ಸುಮ್ಮನಿದ್ದಿ?”

“ನೀವು ಪೂರಾ ನಂದ, ಪೂರಾ ನಂದ ಅಂತ ಒದರಾಕತ್ತಿದ್ರಿ. ನಡುವ ಬಾಯಿ ಹಾಕಿದ್ರ ಮರ್ಯಾದಿ ಇರತೈತೇನ್ರಿ?”

ಓದುಗರೇ, ನಿಮ್ಮೆದುರು ಮುಚ್ಚಿಟ್ಟು ಏನು ಮಾಡಲಿ? ನಾನು ಸೂಜಿಗೆ ಅಂಜುತ್ತೇನೆ. ಸೂಜಿ ಎಂಬ ಮಾತಿಗೇ ಅಂಜುತ್ತೇನೆ! ಮೊಳೆ ತುಳಿದಾಗ ಇಂಜೆಕ್ಷನ್ ಮಾಡಿಸಲು ಹೋಗಿ, ನರ್ಸಮ್ಮ ಹತ್ತಿಗೆ ಸ್ಪಿರಿಟ್ ಹಾಕುವಷ್ಟರಲ್ಲಿ ಕಿಟಕಿಯಿಂದ ಹಾರಿ ಬಂದವನು ನಾನು. ಈಗ ಸೂಜಿಯಲ್ಲ, ಸೂಜಿಯ ಮುತ್ತಜ್ಜನೇ ನನ್ನ ಕೆನ್ನೆ ಹುಡುಕಿಕೊಂಡು ಬರುತ್ತಿದ್ದ. ಅಂದಿನಿಂದ ನನಗೆ ನಿದ್ದೆ ಹತ್ತಲಿಲ್ಲ. ಗಡ್ಡ ಹೆರೆಯಲು ಕನ್ನಡಿ ನೋಡಿದರೆ ಎರಡು ತೂತುಗಳೇ ಕಾಣುತ್ತಿದ್ದವು. ಚಹಾ ಕುಡಿದರೆ ಕೆನ್ನೆಯಿಂದ ಸೋರಿತೇನೋ ಎಂದು ಒರೆಸಿಕೊಳ್ಳುತ್ತಿದ್ದೆ.

ಜ್ವರ ಬಂತೆಂದು ಕೌದಿ ಹೊದ್ದು ಮಲಗಿದೆ. ರಾಜೇಶ್ವರಿ ಹಣೆ ಮುಟ್ಟಿ ನೋಡಿ, ಒಂದು ಚೊಂಬು ಮೆಣಸಿನ ಕಷಾಯ ತಂದಿಟ್ಟಳು. ಅರ್ಧ ಕುಡಿಯುವಷ್ಟರಲ್ಲಿ ಜ್ವರ ತಾನಾಗಿಯೇ ಎದ್ದು ಹೋಯಿತು.

“ರಾಜಿ, ಮಾವಾರಿಗೆ ಫೋನ್ ಮಾಡಿ ಕತ್ತಿ ಕಳುವಾತು ಅಂತ ಹೇಳೂಣೇನ?”

ಅವಳು ಪಕ್ಕದಲ್ಲಿ ಕೂತಳು. ಈ ಸಲ ದನಿಯಲ್ಲಿ ಚೇಷ್ಟೆ ಇರಲಿಲ್ಲ.

“ಅಪ್ಪ ಆಗಲೇ ಬೀಗರಿಗೆಲ್ಲ ಹೇಳ್ಯಾನ್ರಿ, ಈ ಸಲ ನಮ್ಮ ಅಳಿಯಂದು ಅಂತ. ಮಾತು ಕೊಟ್ಟವರು ಹಿಂದ ಸರದ್ರ ಗುಗ್ಗಳ ಹೊಸ್ತಿಲ ದಾಟೂದಿಲ್ಲ. ಸಂಜೂನ ಮದವಿಗೆ ಅದೊಂದು ಮಾತು ಉಳೀತೈತಿ. ನನ್ನ ತವರಮನಿ ಮರ್ಯಾದಿ ನಿಮ್ಮ ಗಲ್ಲದ ಮ್ಯಾಲ ಕುಂತೈತ್ರಿ.”

ಇಷ್ಟು ದೊಡ್ಡ ಮರ್ಯಾದೆ ಇಷ್ಟು ಸಣ್ಣ ಜಾಗದಲ್ಲಿ ಬಂದು ಕೂತರೆ ಕೆನ್ನೆ ಏನು ಮಾಡಬೇಕು? ಅದು ನಡುಗತೊಡಗಿತು.

ಆದರೆ ಅಂಜಿದವನ ತಲೆ ಬಹಳ ಓಡುತ್ತದೆ ನೋಡಿ. ನನಗೊಂದು ದಿವ್ಯ ಉಪಾಯ ಹೊಳೆಯಿತು! ನಾನು ತಂದ ಕತ್ತಿಯನ್ನು ಪುರವಂತರೇ ಬೇಡವೆಂದರೆ? ಕತ್ತಿ ವಾಪಸ್ಸು, ಶಸ್ತ್ರವೂ ವಾಪಸ್ಸು! ಹಿಂದೆ ಸರಿದವನು ನಾನಲ್ಲ, ಕತ್ತಿ! ಮತ್ತೆ ಜಮಖಾನೆ ಹಾಸಿದೆ, ಮತ್ತೆ ಹನ್ನೊಂದನ್ನೂ ಮಲಗಿಸಿದೆ. ಈ ಸಲ ಎಲ್ಲಕ್ಕಿಂತ ದರಿದ್ರ ಯಾವುದು ಎಂದು ಹುಡುಕಿದೆ. ಹುಡುಕುವುದೇನು ಬಂತು, ಬೆಲ್ಲ ಮೆತ್ತಿಕೊಂಡ ಮೋಟು ಫಾಲ್ಶನ್ ಮೂಲೆಯಲ್ಲಿ ನಗುತ್ತ ಬಿದ್ದಿತ್ತು. ಅದನ್ನು ಎದೆಗವಚಿಕೊಂಡೆ. ನನ್ನ ಸಂಗ್ರಹದಲ್ಲಿ ಅಷ್ಟು ಪ್ರೀತಿಯ ಕತ್ತಿ ಇನ್ನೊಂದಿಲ್ಲ ಎನ್ನಿಸಿತು.

“ನಾರ್ಮನ್ ಬಿಟ್ಟು ಇದ್ಯಾಕ?” ಎಂದಳು ರಾಜೇಶ್ವರಿ.

“ದೇವರ ಕೆಲಸಕ್ಕ ಡೌಲು ಇರಬಾರದು.”

ಅವಳು ನನ್ನ ಮುಖ ನೋಡಿದಳು, ಕತ್ತಿ ನೋಡಿದಳು, ಅರಿವೆ ಮಡಚತೊಡಗಿದಳು.

ಕತ್ತಿಗೆ ಹಳೆ ಸೀರೆ ಸುತ್ತಿ ಬಸ್ ಹತ್ತಿದೆವು. ಮಹಾಲಿಂಗಪುರದಲ್ಲಿ ಪಕ್ಕಕ್ಕೆ ಬಂದು ಕೂತ ಮುದುಕ, “ಕಬ್ಬೇನ್ರಿ?” ಎಂದು ಗಂಟು ಮುಟ್ಟಿ ನೋಡಿದ. “ಅಲ್ಲ, ನನ್ನ ಪ್ರಾಣ” ಎಂದೆ. ಅವನು ಎದ್ದು ಬೇರೆ ಸೀಟಿಗೆ ಹೋದ.

ಮಾವನವರ ಅಂಗಳದಲ್ಲಿ ಸಂಬಾಳದವರು ಆಗಲೇ ಬಂದು ಕೂತಿದ್ದರು. ಹಾಲಸಿದ್ದಪ್ಪನವರನ್ನು ನೋಡಿ ನಾನು ರಾಜೇಶ್ವರಿಯ ಹಿಂದೆ ಸರಿದೆ. ಆರಡಿ ಆಳು, ಕೆಂಪು ಉಡುಪು, ಹಣೆ ತುಂಬ ವಿಭೂತಿ, ಕಿವಿವರೆಗೆ ಮೀಸೆ. ನಾನು ಗಂಟು ಬಿಚ್ಚಿ ಕತ್ತಿ ಕೊಟ್ಟೆ. ತುಕ್ಕು ಚೆನ್ನಾಗಿ ಕಾಣಲೆಂದು ಬಿಸಿಲಿಗೇ ಹಿಡಿದೆ.

“ಸ್ವಲ್ಪ ತುಕ್ಕು ಹಿಡದೈತ್ರಿ. ಹಿಡಿಕೀನೂ ಅಲಗಾಡತೈತಿ. ಮೋಟೂ ಐತಿ. ಬ್ಯಾಡಂದ್ರ ನನಗೇನ ಬ್ಯಾಸರಿಲ್ಲ!”

ಹಾಲಸಿದ್ದಪ್ಪನವರು ಕತ್ತಿಯನ್ನು ಒಮ್ಮೆ ತಿರುಗಿಸಿದರು. ಒಮ್ಮೆ ಬೀಸಿದರು. ಅದು ಹೂಂಕರಿಸಿತು! ಹಿಡಿಕೆಯ ಗಡಗಡ ಸಪ್ಪಳ ಸಂಬಾಳದ ತಾಳಕ್ಕೆ ಸರಿಯಾಗಿ ಕೂಡಿತು. ಅವರ ಕಣ್ಣುಗಳು ಅರಳಿದವು.

“ಏನ ಕತ್ತಿ ತಂದೀರಿ ಸಾಹೇಬ್ರ! ಅಗಲ ಅಲಗು, ಕೈತುಂಬ ತೂಕ! ಇಂಥಾದ್ದ ಬೇಕಾಗಿತ್ತು ನನಗ!”

“ಆರಿಸಿ ತಂದಾರ ನಮ್ಮ ಅಳಿಯಂದ್ರು!” ಎಂದು ಮಾವ ಮೀಸೆ ತಿರುವಿದರು.

ನನ್ನ ಹೆಗಲಿಗೆ ಶಲ್ಯ ಬಿತ್ತು, ಕೊರಳಿಗೆ ಹಾರ ಬಿತ್ತು. ಬಲಿಯ ಕುರಿಗೂ ಇಷ್ಟು ಉಪಚಾರ ಮಾಡುವುದಿಲ್ಲ. ಸಂಬಾಳ ಬಡಿಯತೊಡಗಿತು. “ಆಹಾ ವೀರಾ! ಆಹಾ ರುದ್ರಾ!” ಎಂದು ಹಾಲಸಿದ್ದಪ್ಪನವರು ನನ್ನ ಕತ್ತಿ ಹಿಡಿದು ಅಂಗಳ ತುಂಬ ಕುಣಿದರು. ಒಡಪು ಮುಗಿಯಬಾರದು, ದೇವರೇ, ಈ ಒಡಪು ಮುಂದಿನ ಮಹಾನವಮಿವರೆಗೆ ನಡೆಯಲಿ ಎಂದು ಬೇಡಿಕೊಂಡೆ. ಮುಗಿಯಿತು.

ಅವರು ನನ್ನೆದುರು ಬಂದು ನಿಂತರು. ತಟ್ಟೆಯಲ್ಲಿ ವಿಭೂತಿ, ನಿಂಬೆಹಣ್ಣು, ಅವೆರಡರ ನಡುವೆ ಮಿರಮಿರ ಮಿಂಚುವ ಆ ಉಕ್ಕಿನ ಕಡ್ಡಿ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತು. ಪಾಲಿಸಿ ಮಾಡಿಸುವಾಗ ಗಿರಾಕಿಗಳಿಗೆ ಹೇಳುತ್ತಿದ್ದ ಅಪಾಯಗಳೆಲ್ಲ ಸಾಲುಗಟ್ಟಿ ನನ್ನ ಕಣ್ಣ ಮುಂದೆ ಬಂದವು. ನನ್ನದೇ ಪಾಲಿಸಿಯ ಕಂತು ಕಟ್ಟಿಲ್ಲವೆಂಬುದೂ ಆಗಲೇ ನೆನಪಾಗಬೇಕೆ! ಕಣ್ಣು ಮುಚ್ಚಿಕೊಂಡೆ. ಏನೋ ತಣ್ಣಗೆ ಕೆನ್ನೆಗೆ ತಗಲಿತು.

“ಯವ್ವಾ!!”

ನಾನು ಕೂಗಿದ ಕೂಗಿಗೆ ಸಂಬಾಳ ನಿಂತಿತು, ಕರಡಿ ಮಜಲು ನಿಂತಿತು, ಚಪ್ಪರದ ಮೇಲಿನ ಪಾರಿವಾಳಗಳು ಹಾರಿದವು. ನಾನು ಬುಡ ಕಡಿದ ಗಿಡದಂತೆ ಬಿದ್ದೆ.

ಎಚ್ಚರವಾದಾಗ ಸುತ್ತ ಹೆಂಗಸರು ಕೈಮುಗಿದು ನಿಂತಿದ್ದರು. “ಮೈಮ್ಯಾಲ ಬಂದಾನ! ವೀರಭದ್ರ ಅಳಿಯನ ಮೈಮ್ಯಾಲ ಬಂದಾನ!” ಅತ್ತೆ ಮಾದೇವಮ್ಮ ತೆಂಗಿನಕಾಯಿ ಒಡೆಯುತ್ತಿದ್ದರು. ಒಬ್ಬ ಅಜ್ಜಿ ನನ್ನ ಕಾಲು ಮುಟ್ಟಿ, “ಈ ಸಲ ಮಳಿ ಹೆಂಗ್ರಿ ಅಪ್ಪಾ?” ಎಂದು ಕೇಳಿಯೇಬಿಟ್ಟಳು! ಮೊದಲಿನ ಅಂಜಿಕೆ ಸಾಲದೆಂದು ಈಗ ದೇವರ ಅಂಜಿಕೆಯೂ ಸೇರಿಕೊಂಡಿತು. ಸುಳ್ಳುದೇವರಾಗಿ ಮಲಗಿದವನನ್ನು ನಿಜವಾದ ವೀರಭದ್ರ ಸುಮ್ಮನೆ ಬಿಟ್ಟಾನೆಯೇ?

ರಾಜೇಶ್ವರಿ ನೀರು ಚಿಮುಕಿಸುವ ನೆಪದಲ್ಲಿ ಬಗ್ಗಿ ಕಿವಿಯಲ್ಲಿ ಕೇಳಿದಳು: “ಯಾವ ದೇವರ್ರಿ ಇದು?”

“ಅಂಜಿಕಿ” ಎಂದೆ. “ಶಸ್ತ್ರ ಹೊರಗ ಬಂತೇನ?”

“ಒಳಗ ಹೋದ್ರ ಹೊರಗ ಬರತೈತಿ. ಪುರವಂತರು ಈಗರ ವಿಭೂತಿ ಹಚ್ಚಿದ್ರು.”

ಕೆನ್ನೆ ಮುಟ್ಟಿಕೊಂಡೆ. ಬೆರಳಿಗೆ ಬಂದದ್ದು ಬರೇ ವಿಭೂತಿ. ಅಂದರೆ ಎಲ್ಲ ಇನ್ನೂ ಮುಂದಿದೆ! ನಾನು ಅವಳ ಸೆರಗು ಗಟ್ಟಿಯಾಗಿ ಹಿಡಿದುಕೊಂಡೆ. “ರಾಜಿ, ನನ್ನ ಕೈಲೆ ಆಗೂದಿಲ್ಲ. ಖರೇ ಹೇಳತೇನಿ, ಸಾಯ್ತೇನಿ.” ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಅವಳು ಸೆರಗು ಬಿಡಿಸಿಕೊಂಡು ಎದ್ದು, ಹಾಲಸಿದ್ದಪ್ಪನವರ ಮುಂದೆ ಹೋಗಿ ಕೈಮುಗಿದಳು.

“ಅಪ್ಪಾರ, ಕತ್ತಿ ತಂದ ಮನಿಯವರಿಗೆ ಅಂತಲ್ರಿ ಪದ್ಧತಿ? ಆ ಮನಿಯಾಕಿ ನಾನೂ ಹೌದು. ನನಗ ಹಾಕ್ರಿ.”

“ಧೈರ್ಯ ಐತೇನವ್ವ?”

“ಇವ್ರ ಸಂಗತಿ ಸಂಸಾರ ಮಾಡೇನ್ರಿ ಅಪ್ಪಾರ. ಹಾಕ್ರಿ.”

ಅಂಗಳವೆಲ್ಲ ನಕ್ಕಿತು. ನಾನು ಕಣ್ಣು ಮುಚ್ಚಿಕೊಂಡೆ, ಆಮೇಲೆ ತೆರೆದೆ. ಅವಳು ಕದಲಲಿಲ್ಲ, ರೆಪ್ಪೆಯನ್ನೂ ಬಡಿಯಲಿಲ್ಲ. ಎರಡೂ ಕೆನ್ನೆಗಳ ಆಚೆ ಕಡ್ಡಿಯ ತುದಿಗಳು ಬಿಸಿಲಿಗೆ ಮಿನುಗಿದವು. ಸಂಬಾಳ ಮತ್ತೆ ಎದ್ದಿತು. ಗುಗ್ಗಳ ಹೊಸ್ತಿಲು ದಾಟಿತು. ಅವಳು ಮುಂದೆ, ನಾನು ಅವಳ ಚಪ್ಪಲಿ, ವ್ಯಾನಿಟಿ ಬ್ಯಾಗು ಹಿಡಿದುಕೊಂಡು ಹಿಂದೆ. ಓಣಿಯ ಹೆಂಗಸರು ನನ್ನನ್ನು ತೋರಿಸಿ, “ಇವ್ರು ಯಾರು?” ಎಂದರೆ, “ಶಸ್ತ್ರದಾಕಿ ಗಂಡ ಅಂತ” ಎಂಬ ಉತ್ತರ ಬರುತ್ತಿತ್ತು. ದಾರಿಯುದ್ದಕ್ಕೂ ನನ್ನ ಕೆನ್ನೆ ಉರಿಯುತ್ತಿತ್ತು, ಅದೂ ಏನೂ ಚುಚ್ಚದೆ.

ಗುಡಿಯ ಮುಂದೆ ಹಾಲಸಿದ್ದಪ್ಪನವರು ಶಸ್ತ್ರ ತೆಗೆದು ವಿಭೂತಿ ಒತ್ತಿದರು. ಜನ ಉಘೇ ಉಘೇ ಎಂದರು. ಮಾವ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅತ್ತೆ ಮಗಳಿಗೆಂದು ತಂಬಿಗೆ ತುಂಬ ನೀರು ತಂದರು. ರಾಜೇಶ್ವರಿ ತಂಬಿಗೆ ಹಿಡಿದುಕೊಂಡು ಗುಂಪಿನಲ್ಲಿ ಯಾರನ್ನೋ ಹುಡುಕಿದಳು. ನಾನು ಗುಡಿಯ ಕಂಬದ ಹಿಂದೆ ನಿಂತಿದ್ದೆ.

“ಇತ್ತ ಬರ್ರಿ” ಎಂದು ಕರೆದು, ಎಲ್ಲರ ಎದುರಿಗೇ ತಂಬಿಗೆಯನ್ನು ನನ್ನ ಕೈಗಿಟ್ಟಳು. “ಮೊದಲ ನೀವ ಕುಡೀರಿ. ಅಂಜಿದವರ ಬಾಯಿ ಭಾಳ ಒಣಗಿರತೈತಿ.”

ಕುಡಿದೆ. ತಂಬಿಗೆ ಖಾಲಿಯಾಯಿತು! ಅತ್ತೆ ಮಗಳಿಗೆಂದು ಇನ್ನೊಂದು ತರಲು ಓಡಿದರು.