ಮಾತಿನ ಕಲ್ಲು ಆರಿಸುವ ಅತ್ತೆ

ಕುಣಿಗಲ್ಲಿನ ನಮ್ಮ ಸೋದರತ್ತೆಯ ಪರಮಶತ್ರು ಯಾರು ಹೇಳಿ? ನಾದಿನಿಯಲ್ಲ, ಓರಗಿತ್ತಿಯಲ್ಲ, 'ತುಂಬಾ' ಎಂಬ ಪದ! ಮದುವೆಮನೆಯಲ್ಲಿ ಯಾರಾದರೂ ಪಾಪ, "ಪಾಯಸ ತುಂಬಾ ತುಂಬಾ ಚೆನ್ನಾಗಿದೆ" ಎಂದರೆ, "ಚೆನ್ನಾಗಿದೆ ಅಂದ್ರೆ ಸಾಲ್ದಾ? ಸಕ್ಕರೆ ಮೇಲೆ ಬೆಲ್ಲ ಯಾಕೆ ಸುರೀತೀಯಾ?" ಎಂದು ಎಲೆಯ ಮುಂದೆಯೇ ತಿದ್ದುವವರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನ ಕಾಲೇಜಿನಲ್ಲಿ ಚರ್ಚಾಪಟು. ಬಸ್ ಕಂಡಕ್ಟರನ್ನೂ ವಾದದಲ್ಲಿ ಸೋಲಿಸಿಯೇ ಇಳಿಯುತ್ತಿದ್ದೆ. ವೇದಿಕೆಯಲ್ಲಿ ಮಾತ್ರ, ನಾನು ತೀರ್ಮಾನಕ್ಕೆ ಬರುವ ಮೊದಲೇ ಗಂಟೆ ಬಾರಿಸಿಬಿಡುತ್ತಿದ್ದರು. ಮೂರು ಸ್ಪರ್ಧೆ, ಮೂರು ಸೋಲು! ಗುಬ್ಬಿ ಊರಿನ ಸ್ಪರ್ಧೆಯಲ್ಲೂ ಸೋತರೆ ತಂಡದಿಂದ ಔಟ್ ಎಂದು ಮೇಷ್ಟ್ರು ಹೇಳಿದ ಮೇಲೆ, ಬರೆದ ಹಾಳೆ ಹಿಡಿದು ಅತ್ತೆಯ ಮನೆಗೆ ಓಡಿದೆ.

ಹಿಂದೆಲ್ಲ ಕೆಂಪು ಪೆನ್ಸಿಲ್ಲಿನಿಂದ ನನ್ನ ಪ್ರಬಂಧಗಳ ರಕ್ತ ಹರಿಸುತ್ತಿದ್ದ ಅತ್ತೆ ಈ ಸಲ ಹಾಳೆಯನ್ನೇ ಮುಟ್ಟಲಿಲ್ಲ. ಮೊರದಲ್ಲಿ ಅಕ್ಕಿ ಆರಿಸುತ್ತಾ, "ಓದೇ, ಕೇಳ್ತೀನಿ. ಕಣ್ಣು ಕ್ಷಮಿಸ್ಬಿಡುತ್ತೆ, ಕಿವಿ ಬಿಡಲ್ಲ" ಎಂದರು. ಎಂಥ ಸಿದ್ಧಾಂತ!

"ವಾಸ್ತವವಾಗಿ ಹೇಳಬೇಕೆಂದರೆ..."

ಟಣ್! ಸ್ಟೀಲ್ ಲೋಟಕ್ಕೆ ಕಲ್ಲೊಂದು ಬಿತ್ತು.

"ಏನತ್ತೆ?"

"ಇಷ್ಟೊತ್ತು ಸುಳ್ಳು ಹೇಳ್ತಿದ್ಯಾ? ಹೊಡೆದಾಕು."

"ಒಂದು ರೀತಿಯಲ್ಲಿ..."

ಟಣ್! "ಯಾವ ರೀತೀಲೇ?"

"ಅದು ಗಾಂಭೀರ್ಯ ಕೊಡುತ್ತೆ ಅತ್ತೆ!"

"ಗಾಂಭೀರ್ಯ ಅಲ್ಲ ಕಣೇ, ಆಕಳಿಕೆ."

ವಾದಿಸಿದೆ. ಸೋತೆ. ಐದು ಪುಟ ಎರಡಾಯಿತು.

ಊಟಕ್ಕೆ ಕೂತರೆ ಹಲ್ಲಿಗೆ ಕಟಕ್ ಎಂದು ಕಲ್ಲು! ಬಿಡುತ್ತೇನೆಯೇ? "ಭಾಷಣದ ಕಲ್ಲೆಲ್ಲ ಆರಿಸಿದ್ರಿ, ಅನ್ನದ್ದು ಬಿಟ್ರಲ್ಲ!"

"ಅನ್ನಕ್ಕೆ ಟೈಮ್ ಲಿಮಿಟ್ ಇಲ್ಲ, ನಿಧಾನಕ್ಕೆ ಅಗಿ."

ಗುಬ್ಬಿಯಲ್ಲಿ ಗಂಟೆಗೆ ಮೊದಲೇ ಮಾತು ಮುಗಿಸಿದೆ. ಮೊದಲ ಬಹುಮಾನ! ಪ್ರಶಸ್ತಿಪತ್ರವನ್ನು ನೇರ ಒಯ್ದು ಅತ್ತೆಯ ಕೈಗಿಟ್ಟೆ. ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ತುಂಬಾ, ತುಂಬಾ ಚೆನ್ನಾಗಿದೆ ಕಣೇ."

ಹಾಳೆ ತಲೆಕೆಳಗಾಗಿತ್ತು.

ಮುಟ್ಟದ ಹಾಳೆ, ಕಿವಿಯ ಸಿದ್ಧಾಂತ, ಅನ್ನದ ಕಲ್ಲು. ಎಲ್ಲಕ್ಕೂ ಪುರಾವೆ ಕೇಳುವ ನಾನು ಎದುರಿಗಿದ್ದ ಪುರಾವೆಯನ್ನೇ ನೋಡಿರಲಿಲ್ಲ.

"ಕಣ್ಣು ಯಾವಾಗಿಂದ ಹಿಂಗೆ ಅತ್ತೆ?"

"ಯುಗಾದಿಯಿಂದ. ಹೇಳಿದ್ರೆ ನೀನು ಓದೋದು ಬಿಟ್ಟು ಅಳ್ತಾ ಕೂರ್ತಿದ್ದೆ."

ನಾಳೆಯೇ ತುಮಕೂರಿನ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದೆ.

"ಅಯ್ಯೋ, ಹಂಗೇನಿಲ್ಲ... ಅದು ಏನೋ ಒಂಥರಾ... ಸುಮ್ನೆ, ಸ್ವಲ್ಪ ಮಂಜು ಅಷ್ಟೇ... ಆಪರೇಷನ್ ಅದೂ ಇದೂ ಅಂತಾರೇನೇ?"

ಅತ್ತೆ ತಡವರಿಸಿದ್ದನ್ನು ಕೇಳಿದ್ದು ಅದೇ ಮೊದಲು.

"ನಾನಿರ್ತೀನಲ್ಲ ಅತ್ತೆ" ಎಂದು ಮೊರವನ್ನು ನನ್ನ ತೊಡೆಗೆ ಎಳೆದುಕೊಂಡೆ. ಅವರು ಹಾಗೆಯೇ 'ಏನೋ', 'ಒಂಥರಾ' ಎನ್ನುತ್ತಾ ಮಾತಾಡುತ್ತಾ ಹೋದರು. ಸಿಕ್ಕ ಕಲ್ಲುಗಳನ್ನೆಲ್ಲ ಸದ್ದಾಗದಂತೆ ನನ್ನ ವೇಲಿನ ಮೇಲಿಟ್ಟುಕೊಂಡೆ. ಲೋಟಕ್ಕೆ ಒಂದನ್ನೂ ಹಾಕಲಿಲ್ಲ.